ಸೈಟೇಶನ್ ಲೆಕ್ಕದೊಂದಿಗೆ ಸಂಶೋಧನೆಯ ತಿರುಳೂ ಬರಲಿ

ಮಾನ್ಯ ಸಂಪಾದಕರಿಗೆ,

ನಮ್ಮ ಜಿಲ್ಲೆಯ ಮೂಲದ ನರವಿಜ್ಞಾನಿಯೊಬ್ಬರ ಸಾಧನೆಯ ಕುರಿತು ಈಚೆಗೆ ಪ್ರಕಟವಾದ ವರದಿ ಓದಿ ಸಂತೋಷವಾಯಿತು. ಅವರ ಪ್ರಬಂಧಗಳೆಷ್ಟು, ಅವುಗಳಿಗೆ ದೊರೆತ ಸೈಟೇಶನ್ (ಬೇರೆ ಪ್ರಬಂಧಗಳಲ್ಲಿ ಅವುಗಳ ಉಲ್ಲೇಖ) ಎಷ್ಟು, ಎಚ್-ಇಂಡೆಕ್ಸ್ ಎಷ್ಟು ಎಂಬುದೆಲ್ಲ ಅದರಲ್ಲಿತ್ತು; ಮಿದುಳಿನ ಬಗ್ಗೆ ಅವರು ಕಂಡುಕೊಂಡದ್ದೇನು ಎಂಬುದು ಮಾತ್ರ ಒಂದು ಸಾಲಿನಲ್ಲೂ ಇರಲಿಲ್ಲ. ವಿಜ್ಞಾನ ಓದುವ ಮಕ್ಕಳು ಈ ಪುಟಗಳನ್ನು ಗಮನಿಸುತ್ತಾರಾದ್ದರಿಂದ ಈ ಪತ್ರ ಬರೆಯಬೇಕೆನಿಸಿತು.

ಎಚ್-ಇಂಡೆಕ್ಸ್ ಎಂಬ ಅಳತೆಯನ್ನು 2005ರಲ್ಲಿ ಸೂಚಿಸಿದವರು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಜಾರ್ಜ್ ಹಿರ್ಶ್. ಹತ್ತು ಪ್ರಬಂಧಗಳು ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡರೆ ಆ ವಿಜ್ಞಾನಿಯ ಎಚ್-ಇಂಡೆಕ್ಸ್ 10. ಒಂದೇ ಪ್ರಬಂಧ ಸಾವಿರಾರು ಬಾರಿ ಉಲ್ಲೇಖಗೊಂಡು ಉಳಿದವನ್ನು ಯಾರೂ ಉಲ್ಲೇಖಿಸದಿದ್ದರೆ ಅದು ಬರೀ 1. ಯಾವುದೇ ಒಂದು ಸಂಖ್ಯೆ ವ್ಯಕ್ತಿಯ ಕೆಲಸದ ಸ್ಥೂಲ ಅಂದಾಜನ್ನಷ್ಟೇ ಕೊಡಬಲ್ಲದು ಎಂದು ಹಿರ್ಶ್ ಅವರೇ ಎಚ್ಚರಿಸಿದ್ದರು. ಗಣಿತದವರ ಲೆಕ್ಕವನ್ನು ನರವಿಜ್ಞಾನದವರ ಲೆಕ್ಕದ ಪಕ್ಕದಲ್ಲಿಡುವುದಂತೂ ಅಡಿಕೆಯನ್ನೂ ಏಲಕ್ಕಿಯನ್ನೂ ತೂಕದ ಮೇಲೆ ಹೋಲಿಸಿದಂತೆ.

ನರವಿಜ್ಞಾನದಲ್ಲಿ ಇನ್ನೂ ಒಂದು ತೊಡಕಿದೆ. ಒಂದು ಪ್ರಬಂಧಕ್ಕೆ ಹತ್ತಾರು ಲೇಖಕರಿರುವುದು ಇಲ್ಲಿ ಸಾಮಾನ್ಯ. ಪ್ರಯೋಗದ ಹೆಚ್ಚಿನ ಭಾರ ಹೊತ್ತವರ ಹೆಸರು ಸಾಮಾನ್ಯವಾಗಿ ಮೊದಲಿಗೂ, ಪ್ರಯೋಗಾಲಯದ ಮುಖ್ಯಸ್ಥರದ್ದು ಕೊನೆಗೂ ಬರುತ್ತದೆ. ಸೈಟೇಶನ್ ಲೆಕ್ಕವಾದರೋ ನಡುವಿನವರಿಗೂ ಇವರಿಗೂ ಸಮನಾಗಿಯೇ ಸಲ್ಲುತ್ತದೆ. ಅಲ್ಲದೆ, ಉಲ್ಲೇಖ ಎಂದರೆ ಒಪ್ಪಿಗೆಯೇ ಆಗಬೇಕಿಲ್ಲ. ಅಲ್ಝೈಮರ್ ಕಾಯಿಲೆಗೆ ಸಂಬಂಧಿಸಿ 2006ರಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದು ಸುಮಾರು 2,500 ಬಾರಿ ಉಲ್ಲೇಖಗೊಂಡಿತ್ತು. ಅದರ ಚಿತ್ರಗಳನ್ನು ತಿರುಚಲಾಗಿತ್ತೆಂಬ ಕಾರಣಕ್ಕೆ 2024ರಲ್ಲಿ ಅದನ್ನು ಹಿಂಪಡೆಯಲಾಯಿತು.

ಇದಕ್ಕೆ ಪ್ರತಿಯಾಗಿ, ನರವಿಜ್ಞಾನಿ ಜಾನ್ ಓಕೀಫ್ ಅವರು ಸಹೋದ್ಯೋಗಿಯೊಂದಿಗೆ 1971ರಲ್ಲಿ ಪ್ರಕಟಿಸಿದ್ದು ಒಂದು ಪುಟ್ಟ ಪ್ರಬಂಧ. ಇಲಿಯು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿದುಳಿನ ಹಿಪೊಕ್ಯಾಂಪಸ್ ಭಾಗದ ಕೆಲವು ಕೋಶಗಳು ಚುರುಕಾಗುತ್ತವೆ ಎಂಬುದು ಅದರ ತಿರುಳು. ಅದಕ್ಕೆ ನೊಬೆಲ್ ಮನ್ನಣೆ ದೊರೆತದ್ದು 2014ರಲ್ಲಿ, 43 ವರ್ಷಗಳ ನಂತರ. ಎರಡು-ಮೂರು ವರ್ಷಗಳ ಉಲ್ಲೇಖ ನೋಡಿ ಬಡ್ತಿಯನ್ನೂ ಅನುದಾನವನ್ನೂ ನಿರ್ಧರಿಸುವವರು ಇಂಥ ಕೆಲಸವನ್ನು ಗುರುತಿಸುವುದಾದರೂ ಹೇಗೆ?

ನನ್ನನ್ನು ಹೆಚ್ಚು ಕಾಡುವುದು ನಮ್ಮ ಮಲೆನಾಡಿಗೇ ಸಂಬಂಧಿಸಿದ ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರದ ಕಾಡಂಚಿನ ಊರುಗಳನ್ನು ಇಂದಿಗೂ ಬಿಟ್ಟಿಲ್ಲ. ಸೊಪ್ಪು, ದರಕು ತರಲು ಬೆಟ್ಟಕ್ಕೆ ಹೋದವರಿಗೆ ಉಣುಗು ಕಚ್ಚಿ ಜ್ವರ ಬರುತ್ತದೆ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳಾದ ಮೇಲೆ ಮತ್ತೆ ಮರಳಿ, ಈ ಬಾರಿ ತೀವ್ರ ತಲೆನೋವು, ಕೈಕಾಲು ನಡುಕ, ದೃಷ್ಟಿ ಮಂಜಾಗುವುದು, ಬುದ್ಧಿಯ ಗೊಂದಲ ಮುಂತಾದ ನರಸಂಬಂಧಿ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಈ ಎರಡನೆಯ ಹಂತದಲ್ಲಿ ಮಿದುಳಿಗೆ ಆಗುವುದೇನು ಎಂಬುದನ್ನು ಹತ್ತು ವರ್ಷ ಕೂತು ಅಧ್ಯಯನ ಮಾಡಿದರೂ ಆ ಸಂಶೋಧಕರನ್ನು ಉಲ್ಲೇಖಿಸುವವರು ಬೆರಳೆಣಿಕೆಯ ಮಂದಿ. ಕಾಯಿಲೆ ಪಶ್ಚಿಮ ಘಟ್ಟದ ಆಸುಪಾಸಿನದ್ದು. ಅದರ ಮೇಲೆ ಕೆಲಸ ಮಾಡುವ ಪ್ರಯೋಗಾಲಯಗಳೇ ಕಡಿಮೆ. ಜಗತ್ತಿನಾದ್ಯಂತ ಸಾವಿರಾರು ತಂಡಗಳು ತೊಡಗಿರುವ ಅಲ್ಝೈಮರ್ ಕ್ಷೇತ್ರದ ಸಂಶೋಧಕರೊಡನೆ ಇವರನ್ನು ಅಂಕಿಯಿಂದ ಅಳೆದರೆ, ಪ್ರತಿಭಾವಂತ ತರುಣರು ನಮ್ಮ ಊರಿನ ರೋಗಗಳ ಗೊಡವೆಗೆ ಏಕೆ ಬಂದಾರು?

ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ (ಆ ಸಂಶೋಧನಾ ಪತ್ರಿಕೆಯ ಪ್ರಬಂಧಗಳಿಗೆ ಸಿಗುವ ಸರಾಸರಿ ಉಲ್ಲೇಖ) ನೋಡಿ ವಿಜ್ಞಾನಿಗಳನ್ನು ಅಳೆಯಬಾರದು, ಪ್ರಬಂಧದೊಳಗಿನ ವಿಚಾರವನ್ನೇ ತೂಗಬೇಕು ಎಂಬುದು 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯ ಆಗ್ರಹ. ನಮ್ಮ ವಿಶ್ವವಿದ್ಯಾಲಯಗಳ ನೇಮಕಾತಿ ಸಮಿತಿಗಳೂ ಇದನ್ನು ಪಾಲಿಸಬೇಕು. ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟೇ: ವಿಜ್ಞಾನಿಯ ಸೈಟೇಶನ್ ಸಂಖ್ಯೆ ಪ್ರಕಟಿಸುವಾಗ ಅದು ಗೂಗಲ್ ಸ್ಕಾಲರ್‌ನದ್ದೋ ಸ್ಕೋಪಸ್‌ನದ್ದೋ ಎಂದು ತಿಳಿಸಿ, ಏಕೆಂದರೆ ಉಲ್ಲೇಖಗಳನ್ನು ಎಣಿಸುವ ಈ ಎರಡು ತಾಣಗಳ ಲೆಕ್ಕ ಬೇರೆ ಬೇರೆ. ಜೊತೆಗೆ ಅವರ ಒಂದಾದರೂ ಪ್ರಬಂಧದ ತಿರುಳನ್ನು ಪಿಯುಸಿ ವಿದ್ಯಾರ್ಥಿಗೆ ಅರ್ಥವಾಗುವಂತೆ ನಾಲ್ಕು ಸಾಲಿನಲ್ಲಿ ಅವರಿಂದಲೇ ಹೇಳಿಸಿ.

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಶಿರಸಿ