ಅರ್ಜಿಗೆ ಸ್ವೀಕೃತಿ ಕೊಡಿ, ತಿರಸ್ಕರಿಸಿದರೆ ಹಿಂಬರಹ ಕೊಡಿ

ಮಾನ್ಯ ಸಂಪಾದಕರೇ,

‘ಇದು ಆಗಲ್ಲ’, ‘ಇಟ್ಟು ಹೋಗಿ, ನೋಡೋಣ’. ಸರ್ಕಾರಿ ಕಚೇರಿಗಳ ಕೌಂಟರ್‌ನಲ್ಲಿ ಬಾಯಿಮಾತಿನಲ್ಲೇ ಮುಗಿದುಹೋಗುವ ಇಂಥ ಉತ್ತರಕ್ಕೆ ಮೇಲ್ಮನವಿ ಹಾಕಲು ಬರುವುದಿಲ್ಲ. ಅರ್ಹರಿಗೆ ನೆರವು ಕೈತಪ್ಪುವುದು ಎಷ್ಟೋ ಸಲ ಇಲ್ಲಿಯೇ. ಅರ್ಜಿ ತಿರಸ್ಕಾರವಾಗಿರುವುದಿಲ್ಲ, ದಾಖಲೆಯೇ ಆಗಿರುವುದಿಲ್ಲ.

ಸರ್ಕಾರಿ ಸೇವೆಗಳನ್ನು ಗೊತ್ತುಪಡಿಸಿದ ಗಡುವಿನೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆ ಕರ್ನಾಟಕದಲ್ಲಿ 2012ರಿಂದ ಜಾರಿಯಲ್ಲಿದೆ. ಅದರ ವ್ಯಾಪ್ತಿಯ ಸೇವೆಗೆ ಅರ್ಜಿ ಕೊಟ್ಟ ಕೂಡಲೇ ಜಿಎಸ್‌ಸಿ ಸಂಖ್ಯೆ (ಆ ಅರ್ಜಿಯ ಸಕಾಲ ಗುರುತಿನ ಸಂಖ್ಯೆ) ಇರುವ ಸ್ವೀಕೃತಿ ಚೀಟಿ ಸಿಗಬೇಕು. ಗಡುವಿನ ಲೆಕ್ಕ ನಿಲ್ಲುವುದೇ ಆ ಚೀಟಿಯ ಮೇಲೆ. ಚೀಟಿ ಇಲ್ಲದೆ ಮೇಜಿನ ಮೇಲೆ ಬಿಟ್ಟು ಬಂದ ಕಾಗದ ಆರು ತಿಂಗಳು ಕೊಳೆತರೂ ಅದು ವಿಳಂಬವೆಂದು ಎಲ್ಲಿಯೂ ದಾಖಲಾಗದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಅವಕಾಶವಿದೆ. ಮೊತ್ತ ಚಿಕ್ಕದು ನಿಜ. ಆದರೆ ಅದು ತಪ್ಪಿತಸ್ಥ ನೌಕರರ ಸಂಬಳದಿಂದ ಹೋಗುವಂಥದ್ದು, ಕಡತ ಓಡಿಸಲು ಅಷ್ಟು ಸಾಕು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿಯೇ ತಿಳಿಸಬೇಕು. ‘ಹಿಂಬರಹ ಕೊಡಿ’ ಎಂದು ಕೇಳಲು ಯಾರೂ ಹಿಂಜರಿಯಬೇಕಿಲ್ಲ.

ಕೌಂಟರ್‌ನಲ್ಲಿ ಅರ್ಜಿ ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಕಳಿಸಿ, ರಸೀದಿಯನ್ನು ಅರ್ಜಿಯ ಪ್ರತಿಗೆ ಅಂಟಿಸಿ ಇಟ್ಟುಕೊಳ್ಳಿ. ಆಮೇಲೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಬಹಳ ಜನ ಎಡವುವುದು ಇಲ್ಲಿ. ‘ನನ್ನ ಕೆಲಸ ಏಕೆ ಆಗಿಲ್ಲ?’ ಎಂದು ಬರೆದರೆ, ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ‘ಇಂಥ ದಿನಾಂಕದ ನನ್ನ ಅರ್ಜಿಯ ಮೇಲಿನ ಟಿಪ್ಪಣಿ ಹಾಳೆಗಳ ಪ್ರತಿ ಒದಗಿಸಿ’ ಎಂದು ಬರೆಯಬೇಕು. ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ.

ಇನ್ನು ಹಣದ ವಿಷಯ. ಪಿಂಚಣಿಯೋ ಗೃಹಲಕ್ಷ್ಮಿಯೋ ಮಂಜೂರಾಗಿದೆ, ಖಾತೆಗೆ ಬಂದಿಲ್ಲ ಎಂಬ ದೂರು ಸಾಮಾನ್ಯ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿರುವುದು ಬೇರೆ, ನೇರ ನಗದು ವರ್ಗಾವಣೆಗೆ ಆಧಾರ್ ಸೀಡಿಂಗ್ (ಹಣ ಬರಬೇಕಾದ ಬ್ಯಾಂಕಿಗೆ ಆಧಾರ್ ಜೋಡಣೆ) ಆಗಿರುವುದು ಬೇರೆ. ಆಧಾರ್ ಆಧರಿಸಿ ಬರುವ ಹಣ ಭಾರತೀಯ ರಾಷ್ಟ್ರೀಯ ಪಾವತಿ ನಿಗಮದಲ್ಲಿ (ಎನ್‌ಪಿಸಿಐ) ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ, ಆ ಜೋಡಣೆ ಒಂದೇ ಬ್ಯಾಂಕಿಗೆ ಇರಲು ಸಾಧ್ಯ. ಸಾಲಕ್ಕೆಂದೋ ಮಗುವಿನ ವಿದ್ಯಾರ್ಥಿವೇತನಕ್ಕೆಂದೋ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಾಗ ಜೋಡಣೆ ಅತ್ತ ಸರಿದಿರಬಹುದು. ಹಳೆಯ ಪಾಸ್‌ಬುಕ್ಕನ್ನೇ ಎಂಟ್ರಿ ಮಾಡಿಸುತ್ತ ಕುಳಿತರೆ ಫಲವಿಲ್ಲ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿ, ಬೇಕಾದ ಶಾಖೆಯಲ್ಲಿ ಸೀಡಿಂಗ್ ಒಪ್ಪಿಗೆ ಪತ್ರ ಕೊಡಬೇಕು.

ಮನೆಯಲ್ಲಿ ಸಾವಾದಾಗ ಮೃತರ ಪಾಸ್‌ಬುಕ್‌ನಲ್ಲಿ 20 ಅಥವಾ 436 ರೂಪಾಯಿ ಕಡಿತವಾಗಿದೆಯೇ ನೋಡಿ. ಮೊದಲನೆಯದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತಕ್ಕೆ ಮಾತ್ರ. ಎರಡನೆಯದು ಜೀವನ್ ಜ್ಯೋತಿ. ಎರಡರಲ್ಲೂ ಸಾವಿಗೆ 2 ಲಕ್ಷ ರೂಪಾಯಿ ವಿಮೆಯಿದೆ. ವಿಮಾ ವರ್ಷ ಜೂನ್ 1ರಿಂದ ಮೇ 31ರವರೆಗೆ. ಕಂತು ಕಡಿತವಾಗುವ ಮೇ ಕೊನೆಯಲ್ಲಿ ಖಾತೆಯಲ್ಲಿ ಹಣ ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಖಾತೆ ಮುಚ್ಚಲು ಮರಣ ಪ್ರಮಾಣಪತ್ರ ಹಿಡಿದು ಬಂದವರಿಗೆ ಬ್ಯಾಂಕ್ ಸಿಬ್ಬಂದಿಯೇ ಇದನ್ನು ಹೇಳಬೇಕು. ದುಃಖದಲ್ಲಿರುವವರು ಕೇಳಲಿ ಎಂದು ಕಾಯುವುದು ಸರಿಯಲ್ಲ.

ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತುರ್ತಲ್ಲದ ಸಂದರ್ಭದಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ತುರ್ತು ಇದ್ದರೆ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಇದು ನಗದುರಹಿತ ಯೋಜನೆ. ದಾಖಲಾಗುವಾಗಲೇ ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರಿಗೆ ಕಾರ್ಡ್ ತೋರಿಸಬೇಕು, ಬಿಲ್ ಕಟ್ಟಿದ ಮೇಲಲ್ಲ.

ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು, ಇಲ್ಲವೇ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಕೈಗಾರಿಕಾ ಕಾರ್ಮಿಕರಿಗೆ ವಕೀಲರ ನೆರವು ಉಚಿತ, ಆದಾಯ ಮಿತಿ ಇಲ್ಲ. ಸಿವಿಲ್ ದಾವೆಯ ಸಮನ್ಸ್ ಬಂದರೆ ಅಂದೇ ಹೊರಡಬೇಕು. ಲಿಖಿತ ಹೇಳಿಕೆ (ದಾವೆಗೆ ನಿಮ್ಮ ಉತ್ತರ) ಸಲ್ಲಿಸಲು ಕಾನೂನು ಮೊದಲಿಗೆ ಕೊಡುವುದು 30 ದಿನ ಮಾತ್ರ.

ಸಂಬಂಧಪಟ್ಟ ಇಲಾಖೆಗಳಿಗೆ ನಮ್ಮ ಕೋರಿಕೆ ಇಷ್ಟು: ಪ್ರತಿ ಕೌಂಟರ್‌ನ ಮುಂದೆ ಆ ಸೇವೆಯ ಗಡುವು, ಬೇಕಾದ ದಾಖಲೆ, ಮೇಲ್ಮನವಿ ಅಧಿಕಾರಿಯ ಹುದ್ದೆ ಬರೆದ ಫಲಕ ಇರಲಿ. ‘ಸ್ವೀಕೃತಿ ಪಡೆಯದೆ ಹೋಗಬೇಡಿ’ ಎಂಬ ಸಾಲು ಅದರ ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿರಲಿ. ಓದಲು ಬಾರದವರಿಗೆ ಸಿಬ್ಬಂದಿ ಅದನ್ನು ಓದಿ ಹೇಳಲಿ.