ಕಾನೂನು ಬದಲಿಸಲೆಂದೇ ಊರು ಸೇರುವವರು

ಮಾನ್ಯ ಸಂಪಾದಕರೇ,

ಒಂದೇ ವಿಚಾರವನ್ನು ನಂಬಿದ ಕೆಲವು ಸಾವಿರ ಜನ ಮಾತಾಡಿಕೊಂಡು ಒಂದು ಸಣ್ಣ ಸೀಮೆಗೆ ಹೋಗಿ ನೆಲೆಸಿ, ಅಲ್ಲಿನ ಮತದಾರರ ಪಟ್ಟಿಗೆ ಸೇರಿ, ತಮಗೆ ಬೇಕಾದ ಕಾನೂನನ್ನು ಮತದ ಮೂಲಕವೇ ತಂದುಕೊಂಡರೆ ಅದರಲ್ಲಿ ತಪ್ಪೇನಿದೆ ಎಂದು ಕೇಳುವ ಪತ್ರವೊಂದು ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಪತ್ರ ಬರೆದವರು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ‘ಫ್ರೀ ಸ್ಟೇಟ್ ಪ್ರಾಜೆಕ್ಟ್’ ಎಂಬ ಚಳವಳಿಯನ್ನು ಮಾದರಿಯಾಗಿ ತೋರಿಸಿ, ನಮ್ಮಲ್ಲೂ ಸಮಾನಮನಸ್ಕರು ಒಂದು ತಾಲ್ಲೂಕನ್ನು ಆರಿಸಿಕೊಂಡು ಹೀಗೆ ಮಾಡಬಹುದೆಂದು ಸೂಚಿಸಿದ್ದರು. ಮಗಳ ಸಂಸಾರ ಆ ರಾಜ್ಯದ ಒಂದು ಸಣ್ಣ ಊರಿನಲ್ಲಿರುವುದರಿಂದ ನಾನು ಅಲ್ಲಿ ಒಂದು ಚಳಿಗಾಲವನ್ನು ಪೂರ್ತಿ ಕಳೆದಿದ್ದೇನೆ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನೂ ಹೌದು. ಈ ಎರಡು ಕಾರಣಗಳಿಂದ ಆ ಪತ್ರಕ್ಕೆ ಉತ್ತರ ಬರೆಯಬೇಕೆನ್ನಿಸಿತು.

ಮೊದಲಿಗೆ ಒಪ್ಪುವ ಮಾತನ್ನು ಒಪ್ಪಿಬಿಡುತ್ತೇನೆ. ಯಾರು ಎಲ್ಲಿ ಬೇಕಾದರೂ ಹೋಗಿ ಬದುಕಬಹುದು, ಒಬ್ಬರಾಗಿ ಹೋಗುವಂತೆಯೇ ನೂರು ಜನರಾಗಿಯೂ ಹೋಗಬಹುದು. ನಮ್ಮ ಸಂವಿಧಾನದ 19ನೇ ವಿಧಿ ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಕೊಟ್ಟಿದೆ. ಹೊರಗಿನಿಂದ ಬಂದವರೆಂಬ ಒಂದೇ ಕಾರಣಕ್ಕೆ ಮತದ ಹಕ್ಕು ತಡೆಯಬೇಕೆಂದು ವಾದಿಸುವವರ ಸಾಲಿನಲ್ಲಿ ನಾನಿಲ್ಲ. ನನ್ನ ಅಜ್ಜನೂ ಮುಳುಗಡೆಯಲ್ಲಿ ಮನೆಮಠ ಕಳೆದುಕೊಂಡು ಬೇರೆ ಊರಿಗೆ ಬಂದು ಬೇರೂರಿದವನೇ.

ಆದರೆ ನ್ಯೂ ಹ್ಯಾಂಪ್‌ಶೈರಿನಲ್ಲಿ ನಡೆದದ್ದು ಬೇರೆ ರೀತಿಯ ವಲಸೆ. ಸರ್ಕಾರದ ಕೈ ಆದಷ್ಟು ಚಿಕ್ಕದಾಗಿರಬೇಕು, ತೆರಿಗೆ ಕನಿಷ್ಠವಾಗಿರಬೇಕು ಎಂದು ನಂಬುವವರು ಅಮೆರಿಕದ ಎಲ್ಲೆಡೆ ಚದುರಿಹೋಗಿರುವುದರಿಂದ ಎಲ್ಲಿಯೂ ಗೆಲ್ಲುತ್ತಿಲ್ಲ, ಆದ್ದರಿಂದ 20,000 ಜನ ಒಂದೇ ಸಣ್ಣ ರಾಜ್ಯಕ್ಕೆ ಹೋಗಬೇಕು ಎಂಬ ಯೋಜನೆಯನ್ನು 2001ರಲ್ಲಿ ಮುಂದಿಟ್ಟವರು ಆಗ ಯೇಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಜೇಸನ್ ಸೊರೆನ್ಸ್. ಜನಸಂಖ್ಯೆ ಕಡಿಮೆ ಇರುವ ಹತ್ತು ರಾಜ್ಯಗಳ ಪಟ್ಟಿ ಸಿದ್ಧವಾಯಿತು. 2003ರಲ್ಲಿ ಸದಸ್ಯರು ಮತ ಹಾಕಿ ನ್ಯೂ ಹ್ಯಾಂಪ್‌ಶೈರನ್ನು ಆರಿಸಿದರು; ವಯೋಮಿಂಗ್ ಎರಡನೆಯ ಸ್ಥಾನದಲ್ಲಿತ್ತು. ಅಲ್ಲಿಗೆ ಹೋಗಿ ನೆಲೆಸುತ್ತೇವೆಂಬ ಮಾತಿಗೆ 20,000 ಜನರ ಸಹಿ ಪೂರ್ತಿಯಾದದ್ದು 2016ರಲ್ಲಿ. ಸಹಿ ಹಾಕಿದವರೆಲ್ಲ ಬರಲಿಲ್ಲ. ಬಂದವರು ಕೆಲವೇ ಸಾವಿರ. ಆದರೂ ಅವರಲ್ಲಿ ಹಲವರು ಶಾಸಕರಾದರು, ಒಬ್ಬರು ಅಲ್ಲಿನ ಕೆಳಮನೆಯಲ್ಲಿ ಬಹುಮತ ಪಕ್ಷದ ನಾಯಕರೂ ಆದರು.

ಇಷ್ಟು ಕಡಿಮೆ ಜನ ಇಷ್ಟು ಬೇಗ ಅಧಿಕಾರದ ಹತ್ತಿರ ಹೋದದ್ದು ಹೇಗೆಂಬುದನ್ನು ಪತ್ರಲೇಖಕರು ಗಮನಿಸಬೇಕಿತ್ತು. ಹದಿನಾಲ್ಕು ಲಕ್ಷದಷ್ಟು ಜನರಿರುವ ಆ ರಾಜ್ಯದ ಕೆಳಮನೆಯಲ್ಲಿ 400 ಸದಸ್ಯರಿದ್ದಾರೆ, ಅಂದರೆ ಸುಮಾರು ಮೂರೂವರೆ ಸಾವಿರ ಜನರಿಗೆ ಒಬ್ಬ ಶಾಸಕ. ವರ್ಷಕ್ಕೆ ಸಂಬಳ 100 ಡಾಲರ್. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.11 ಕೋಟಿ, ವಿಧಾನಸಭೆಯ ಸ್ಥಾನಗಳು 224; ನಮ್ಮ ಒಬ್ಬ ಶಾಸಕನ ಹಿಂದೆ ಎರಡೂಮುಕ್ಕಾಲು ಲಕ್ಷ ಜನ. ಒಂದು ತಾಲ್ಲೂಕನ್ನು ಹಿಡಿದರೆ ಕಾನೂನು ಬದಲಿಸಬಹುದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆದರೆ ಒಂದು ಗ್ರಾಮ ಪಂಚಾಯತಿಯ ಮಟ್ಟಕ್ಕೆ ಇಳಿದರೆ ಆ ಲೆಕ್ಕ ಖಂಡಿತ ನಡೆಯುತ್ತದೆ, ನನ್ನ ಆತಂಕವೂ ಅಲ್ಲಿಯದೇ.

ಅಲ್ಲಿನ ಹಲವು ಊರುಗಳಲ್ಲಿ ಪ್ರತಿ ಮಾರ್ಚಿನಲ್ಲಿ, ಊರಿನ ಖರ್ಚುವೆಚ್ಚದ ಮೇಲೆ ಮತದಾರರೇ ನೇರವಾಗಿ ಮತ ಹಾಕುವ ‘ಟೌನ್ ಮೀಟಿಂಗ್’ ಎಂಬ ಸಭೆ ಸೇರುತ್ತದೆ. ಮಗಳು ನನ್ನನ್ನು ಕರೆದುಕೊಂಡು ಹೋಗಿದ್ದಳು. ಶಾಲೆಯ ವ್ಯಾಯಾಮಶಾಲೆಯಲ್ಲಿ ಮಡಚುವ ಕುರ್ಚಿಗಳು, ಬಾಗಿಲ ಬಳಿ ಮಕ್ಕಳು ಪ್ರವಾಸದ ಖರ್ಚಿಗೆಂದು ಮಾರುತ್ತಿದ್ದ ಕೇಕು, ಕೈಗೆ ಕೊಟ್ಟ ವಾರ್ಷಿಕ ವರದಿಯಲ್ಲಿ ರಸ್ತೆಯ ಹಿಮ ತೆಗೆದ ಖರ್ಚಿನಿಂದ ಹಿಡಿದು ಆ ವರ್ಷ ಊರಿನಲ್ಲಿ ಹುಟ್ಟಿದವರ, ಮದುವೆಯಾದವರ, ತೀರಿಕೊಂಡವರ ಹೆಸರಿನವರೆಗೆ ಎಲ್ಲವೂ ಇತ್ತು. ಮತದಾರರಿಗೆ ಬಣ್ಣದ ಕಾರ್ಡು. ಒಂದೊಂದು ಬಾಬತ್ತನ್ನು ಓದಿದಾಗಲೂ ಒಬ್ಬರು ಎದ್ದು ಪ್ರಶ್ನೆ ಕೇಳುತ್ತಿದ್ದರು, ಇನ್ನೊಬ್ಬರು ಉತ್ತರ ಕೊಡುತ್ತಿದ್ದರು, ಆಮೇಲೆ ಕಾರ್ಡುಗಳು ಮೇಲೇಳುತ್ತಿದ್ದವು. ಅಗ್ನಿಶಾಮಕ ವಾಹನಕ್ಕೆ ಹಣ ಕೊಡಬೇಕೇ ಬೇಡವೇ ಎಂಬ ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ನಾನೂ ಮಗಳೂ ಮತವಿಲ್ಲದವರಿಗೆಂದು ಬದಿಯಲ್ಲಿ ಬೇರೆಯಾಗಿ ಹಾಕಿದ್ದ ಕುರ್ಚಿಗಳಲ್ಲಿ ಕುಳಿತಿದ್ದೆವು. ಅಲ್ಲಿಯ ಶಾಲೆಗಳು ಬಹುಪಾಲು ನಡೆಯುವುದು ಊರಿನ ಆಸ್ತಿ ತೆರಿಗೆಯಿಂದ. ಕೆಲಸದ ವೀಸಾದ ಮೇಲಿರುವ ನಮ್ಮ ಕನ್ನಡದ ಎಷ್ಟೋ ಸಂಸಾರಗಳು ಅಲ್ಲಿ ಮನೆ ಕೊಂಡು ಆ ತೆರಿಗೆಯನ್ನು ತಪ್ಪದೆ ಕಟ್ಟುತ್ತವೆ, ಮಕ್ಕಳನ್ನು ಅದೇ ಶಾಲೆಗೆ ಕಳಿಸುತ್ತವೆ. ಆದರೆ ಶಾಲೆಯ ಬಜೆಟ್ಟಿನ ಮೇಲೆ ಕೈ ಎತ್ತುವ ಹಕ್ಕು ಅವುಗಳಿಗಿಲ್ಲ. ಅದು ಆ ದೇಶದ ಕಾನೂನು, ಅದರ ಮೇಲೆ ನನ್ನ ದೂರಿಲ್ಲ. ಆದರೆ ಆ ಹೊತ್ತು ನನ್ನ ಮೊಮ್ಮಗಳ ಟೀಚರಿನ ಸಂಬಳ ಸುತ್ತ ಕುಳಿತಿದ್ದ ಅಪರಿಚಿತರ ವಿವೇಕವನ್ನೇ ನಂಬಿಕೊಂಡಿದೆ ಎಂಬುದು ಮನಸ್ಸಿಗೆ ನಾಟಿತು.

ಇಂಥದೇ ಸಭೆಯಲ್ಲಿ ಅದೇ ರಾಜ್ಯದ ಕ್ರಾಯ್ಡನ್ ಎಂಬ ಊರಿನಲ್ಲಿ 2022ರ ಮಾರ್ಚಿನಲ್ಲಿ ನಡೆದದ್ದನ್ನು ಹೇಳಬೇಕು. ಊರಿನ ಜನಸಂಖ್ಯೆ ಎಂಟುನೂರರ ಆಸುಪಾಸು. ಕೆಳಗಿನ ತರಗತಿಗಳಿಗೆ ಒಂದು ಪುಟ್ಟ ಶಾಲೆ ಊರಿನಲ್ಲೇ ಇದೆ, ದೊಡ್ಡ ಮಕ್ಕಳು ಬೇರೆ ಊರುಗಳ ಶಾಲೆಗೆ ಹೋಗುತ್ತಾರೆ, ಅವರ ಶುಲ್ಕವನ್ನು ಊರು ಕಟ್ಟುತ್ತದೆ. ಹಿಮ ಬೀಳುತ್ತಿದ್ದ ಆ ಶನಿವಾರ ಸಭೆಗೆ ಬಂದವರು ಬೆರಳೆಣಿಕೆಯಷ್ಟು ಜನ. ಸುಮಾರು 17 ಲಕ್ಷ ಡಾಲರಿನ ಶಾಲಾ ಬಜೆಟ್ಟನ್ನು 8 ಲಕ್ಷಕ್ಕೆ ಇಳಿಸಬೇಕೆಂಬ ತಿದ್ದುಪಡಿ ಆ ದಿನ ಸಭೆಯಲ್ಲೇ ಬಂತು. ಪರವಾಗಿ 20 ಮತ, ವಿರುದ್ಧ 14. ಅಷ್ಟೇ. ಅರ್ಧಕ್ಕಿಂತ ಹೆಚ್ಚು ಹಣ ಹೋಯಿತು. ಫ್ರೀ ಸ್ಟೇಟ್ ಪ್ರಾಜೆಕ್ಟ್ ಸಂಸ್ಥೆಯ ಹೆಸರಿನಲ್ಲಿ ಬಂದ ತಿದ್ದುಪಡಿ ಇದಲ್ಲ ಎಂಬುದನ್ನು ನ್ಯಾಯಕ್ಕಾಗಿ ಹೇಳುತ್ತೇನೆ. ಆದರೆ ಅದನ್ನು ತಂದವರು ಆ ಚಳವಳಿಯ ಜೊತೆ ರಾಜ್ಯಕ್ಕೆ ಬಂದು ನೆಲೆಸಿ, ಊರಿನ ಆಡಳಿತ ಮಂಡಳಿಯ ಸದಸ್ಯರಾಗಿದ್ದವರು. ಅವರು ಕದ್ದುಮುಚ್ಚಿ ಏನನ್ನೂ ಮಾಡಲಿಲ್ಲ. ಸಭೆಗೆ ಬಂದರು, ಮಾತಾಡಿದರು, ಕೈ ಎತ್ತಿದರು, ಗೆದ್ದರು. ಬಾರದಿದ್ದವರು ಉಳಿದ ಊರಿನವರು.

ಮುಂದೆ ಏನಾಯಿತೆಂಬುದೇ ನನ್ನ ಪಾಲಿಗೆ ಮುಖ್ಯ. ಮಕ್ಕಳ ತಂದೆತಾಯಿಗಳು ಎಚ್ಚೆತ್ತು ಕಾನೂನಿನ ಪುಸ್ತಕ ತೆರೆದಾಗ, ವಿಶೇಷ ಸಭೆ ಕರೆದು ಈ ತೀರ್ಮಾನವನ್ನು ಬದಲಿಸಲು ಅವಕಾಶವಿದೆ, ಆದರೆ ನೋಂದಾಯಿತ ಮತದಾರರಲ್ಲಿ ಅರ್ಧದಷ್ಟು ಜನ ಹಾಜರಿದ್ದು ಮತ ಹಾಕಬೇಕು ಎಂದು ತಿಳಿಯಿತು. ಅಂದರೆ 283 ಜನ. ಮನೆಯಲ್ಲಿ ಕುಳಿತವನೂ ಅಲ್ಲಿ ವಿರುದ್ಧ ಮತ ಹಾಕಿದಂತೆಯೇ. ಒಂದೂವರೆ ತಿಂಗಳು ಅವರು ಮನೆಮನೆ ತಿರುಗಿದರು, ಪಕ್ಷ ನೋಡಲಿಲ್ಲ, ಮಕ್ಕಳಿಲ್ಲದ ಮುದುಕರ ಬಾಗಿಲನ್ನೂ ತಟ್ಟಿದರು. ಮೇ 7ರಂದು ಸಭೆ ಸೇರಿದಾಗ ಹಳೆಯ ಬಜೆಟ್ಟಿನ ಪರವಾಗಿ ಬಿದ್ದ ಮತ 377, ವಿರುದ್ಧ ಬಿದ್ದದ್ದು 2. ಆ ಊರಿನವರ ಮನಸ್ಸು ಮಾರ್ಚಿನಲ್ಲೂ ಅದೇ ಆಗಿತ್ತು. ಅದನ್ನು ಹೇಳಲು ಅವರು ಅಲ್ಲಿರಲಿಲ್ಲ ಅಷ್ಟೇ. ಅಮೆರಿಕದ ರಾಜಕೀಯದ ಬಗ್ಗೆ ನಾನು ಓದಿದ್ದು ಕೊಂಚವೇ, ಆದರೆ ಈ ಎರಡು ಅಂಕಿಗಳನ್ನು ಕಂಡಾಗ ಕಣ್ಣು ತುಂಬಿ ಬಂದಿತ್ತೆಂದು ಸಂಕೋಚವಿಲ್ಲದೆ ಬರೆಯುತ್ತೇನೆ.

ಮತದ ಮೂಲಕವೇ ನಡೆಯುವುದರಿಂದ ಇದು ಶಾಂತಿಯುತ ದಾರಿ ಎಂಬ ಮಾತಿಗೂ ಉತ್ತರ ಹೇಳಬೇಕು. ಭಾರತಕ್ಕೆ ನೇರ ಸಂಬಂಧವಿರುವ ಪ್ರಕರಣವನ್ನೇ ನೋಡಿ. 1981ರಲ್ಲಿ, ಮುಂದೆ ಓಶೋ ಎಂದು ಹೆಸರಾದ ಗುರು ರಜನೀಶರ ಅನುಯಾಯಿಗಳು ಪುಣೆಯಿಂದ ಅಮೆರಿಕಕ್ಕೆ ಹೋಗಿ ಆರೆಗಾನ್ ರಾಜ್ಯದಲ್ಲಿ 64,000 ಎಕರೆಯ ಜಾನುವಾರು ಫಾರಂ ಕೊಂಡರು. ಕೃಷಿಭೂಮಿಯಲ್ಲಿ ಪಟ್ಟಣ ಕಟ್ಟಲು ಅಲ್ಲಿನ ಭೂಬಳಕೆಯ ಕಾನೂನು ಅಡ್ಡಬಂದಾಗ ಅವರು ಸಮೀಪದ ಆಂಟಿಲೋಪ್ ಎಂಬ ಪುಟ್ಟ ಊರಿನಲ್ಲಿ ಮನೆಗಳನ್ನು ಕೊಳ್ಳತೊಡಗಿದರು. ಐವತ್ತು ಜನರೂ ಇಲ್ಲದ ಆ ಊರಿನವರು ಹೆದರಿ, ತಮ್ಮ ನಗರಸಭೆಯನ್ನೇ ವಿಸರ್ಜಿಸಿಬಿಡೋಣವೆಂದು 1982ರಲ್ಲಿ ಮತಕ್ಕೆ ಹಾಕಿದರೆ, ಅಷ್ಟು ಹೊತ್ತಿಗಾಗಲೇ ಹೊಸಬರ ಸಂಖ್ಯೆ ಹೆಚ್ಚಾಗಿದ್ದರಿಂದ ಆ ಪ್ರಸ್ತಾವವೂ ಸೋತಿತು. ಆಡಳಿತ ಅವರ ಕೈಗೆ ಹೋಯಿತು, 1984ರಲ್ಲಿ ಊರಿನ ಹೆಸರೂ ‘ರಜನೀಶ್’ ಎಂದಾಯಿತು. ಅಲ್ಲಿಗೂ ನಿಲ್ಲಲಿಲ್ಲ. ಇಡೀ ವಾಸ್ಕೊ ಕೌಂಟಿಯ (ನಮ್ಮ ಜಿಲ್ಲೆಯಂಥದು) ಚುನಾವಣೆ ಗೆಲ್ಲಬೇಕೆಂದು ದೊಡ್ಡ ನಗರಗಳ ಬೀದಿಗಳಿಂದ ಮನೆಯಿಲ್ಲದ ಸಾವಿರಾರು ಜನರನ್ನು ಬಸ್ಸುಗಳಲ್ಲಿ ತುಂಬಿಸಿ ತಂದರು. ಅಧಿಕಾರಿಗಳು ಒಬ್ಬೊಬ್ಬರನ್ನೂ ವಿಚಾರಿಸಿಯೇ ನೋಂದಾಯಿಸುತ್ತೇವೆಂದಾಗ ಆ ಲೆಕ್ಕ ತಪ್ಪಿತು. ಆ ಚುನಾವಣೆಗೆ ಮುನ್ನ ಅದೇ ಕೌಂಟಿಯ ದಿ ಡಾಲ್ಸ್ ಪಟ್ಟಣದ ಹತ್ತು ಹೋಟೆಲುಗಳ ತರಕಾರಿ ಸಲಾಡಿಗೆ ಸಾಲ್ಮೊನೆಲ್ಲ ರೋಗಾಣು ಬೆರೆಸಲಾಯಿತು, 751 ಜನ ಕಾಯಿಲೆ ಬಿದ್ದರು. ಮತದಾರರನ್ನು ಹಾಸಿಗೆ ಹಿಡಿಸಿ ಗೆಲ್ಲುವ ಸಂಚು ಅದಾಗಿತ್ತು. 1985ರ ಕೊನೆಗೆ ಎಲ್ಲವೂ ಕುಸಿದು ಆಂಟಿಲೋಪ್ ತನ್ನ ಹೆಸರನ್ನು ಮರಳಿ ಪಡೆಯಿತು.

ನ್ಯೂ ಹ್ಯಾಂಪ್‌ಶೈರಿಗೆ ಬಂದವರನ್ನು ಇವರ ಸಾಲಿಗೆ ಸೇರಿಸುವುದು ಅನ್ಯಾಯ. ಅವರು ಯಾರಿಗೂ ವಿಷ ಹಾಕಿದವರಲ್ಲ. ಆದರೆ ಎರಡು ಕಡೆಯಲ್ಲೂ ಒಂದು ಹೋಲಿಕೆ ಇದೆ. ಅಲ್ಲಿ ಬದುಕಿದವರ ಮುಖ ನೋಡುವ ಮೊದಲೇ, ಅವರು ಹೇಗೆ ಬದುಕಬೇಕೆಂಬ ತೀರ್ಮಾನ ಬೇರೆಲ್ಲೋ ಆಗಿಹೋಗಿತ್ತು. ಹತ್ತು ರಾಜ್ಯಗಳ ಪಟ್ಟಿ ಮಾಡುವಾಗ ಆ ಹತ್ತರಲ್ಲಿ ಯಾವ ರಾಜ್ಯದ ಜನರನ್ನೂ ಯಾರೂ ಕೇಳಿರಲಿಲ್ಲ.

ಹೀಗೆ ಗುಂಪಾಗಿ ಹೋದವರು ಒಳ್ಳೆಯ ಕಾರಣಕ್ಕೂ ಹೋದದ್ದುಂಟು. 1854ರ ಕಾಯ್ದೆಯಂತೆ ಅಮೆರಿಕದ ಕಾನ್ಸಾಸ್ ಪ್ರಾಂತ್ಯದಲ್ಲಿ ಗುಲಾಮಗಿರಿ ಇರಬೇಕೇ ಬೇಡವೇ ಎಂಬುದು ಅಲ್ಲಿ ನೆಲೆಸಿದವರ ಮತಕ್ಕೆ ಬಿಟ್ಟದ್ದಾದಾಗ, ಗುಲಾಮಗಿರಿಯನ್ನು ವಿರೋಧಿಸುವವರು ಸಂಘ ಕಟ್ಟಿಕೊಂಡು ಅಲ್ಲಿಗೆ ಹೋಗಿ ಲಾರೆನ್ಸ್ ಎಂಬ ಪಟ್ಟಣ ಕಟ್ಟಿದರು, ನೆಲ ಉತ್ತರು, ಅಲ್ಲಿಯೇ ಉಳಿದರು. ಆದರೆ 1855ರ ಮಾರ್ಚಿನ ಚುನಾವಣೆಯಲ್ಲಿ 2,905 ಅರ್ಹ ಮತದಾರರಿದ್ದ ಕಡೆ ಆರು ಸಾವಿರಕ್ಕೂ ಹೆಚ್ಚು ಮತ ಬಿದ್ದವು, ಏಕೆಂದರೆ ಗುಲಾಮಗಿರಿಯ ಪರವಾಗಿದ್ದವರು ಪಕ್ಕದ ಮಿಸೌರಿ ರಾಜ್ಯದಿಂದ ಗಡಿ ದಾಟಿ ಬಂದು ಮತ ಹಾಕಿ ಹಿಂದಿರುಗಿದ್ದರು. ಆಮೇಲೆ ಎರಡು ಕಡೆಯವರ ನಡುವೆ ವರ್ಷಗಟ್ಟಲೆ ರಕ್ತ ಹರಿಯಿತು. ಹಾಗಾಗಿ ಗುಂಪಾಗಿ ಹೋಗುವುದೇ ಕೆಟ್ಟದ್ದೆಂದು ನಾನು ಹೇಳಲಾರೆ. ಹೋದವನು ಅಲ್ಲಿಯ ಮಳೆ ಬಿಸಿಲಿನಲ್ಲಿ ಉಳಿಯುತ್ತಾನೋ, ಪಕ್ಕದ ಮನೆಯವನ ಮಾತು ಕೇಳುತ್ತಾನೋ ಎಂದು ಕೇಳುತ್ತೇನೆ.

ಇನ್ನು ನಮ್ಮ ಕಡೆಗೆ ಬರುತ್ತೇನೆ. ನಮ್ಮ ಪಂಚಾಯತ್ ರಾಜ್ ಕಾನೂನು ಗ್ರಾಮಸಭೆಗೆ ಕೋರಂ, ಅಂದರೆ ಕನಿಷ್ಠ ಹಾಜರಾತಿ, ಇರಬೇಕೆನ್ನುತ್ತದೆ: ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಕ್ರಾಯ್ಡನ್ನಿನ ಮಾರ್ಚಿನ ಸಭೆಗೆ ಇಷ್ಟು ರಕ್ಷಣೆಯೂ ಇರಲಿಲ್ಲ. ಆದರೆ ನಾನು ಕಣ್ಣಾರೆ ಕಂಡದ್ದನ್ನು ಬರೆಯಲೇಬೇಕು. ನಿವೃತ್ತನಾಗಿ ಊರಿಗೆ ಬಂದ ಮೇಲೆ ನಾನು ಹೋದ ಒಂದು ಗ್ರಾಮಸಭೆಯಲ್ಲಿ ಶಾಮಿಯಾನದ ಕೆಳಗೆ ಎಣಿಸಿದರೆ ಇಪ್ಪತ್ತಾರು ಜನ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯನ್ನು ಗಡಿಬಿಡಿಯಲ್ಲಿ ಓದಿ ಮುಗಿಸಿದರು, ಚಹಾ ಬಂತು, ಸಭೆ ಮುಗಿಯಿತು. ಮೂರು ದಿನದ ನಂತರ ನಡಾವಳಿ ಪುಸ್ತಕ ನಮ್ಮ ಕೇರಿಗೆ ಬಂತು. ಸಭೆಯ ದಿನ ತೋಟದಲ್ಲಿ ಅಡಿಕೆ ಕೊನೆ ಇಳಿಸುತ್ತಿದ್ದ ಪಕ್ಕದ ಮನೆಯವರು ಜಗಲಿಯಲ್ಲಿ ನಿಂತು, ಕೈ ಒರೆಸಿಕೊಂಡು, ಎಲ್ಲಿ ಎಂದು ಕೇಳಿ ಸಹಿ ಹಾಕಿದರು. ನಾನು ತಡೆಯಲಿಲ್ಲ, ಇಂದಿಗೂ ಅದು ನನ್ನ ಮನಸ್ಸನ್ನು ಚುಚ್ಚುತ್ತದೆ. ಇಂಥ ಸಭೆಯನ್ನು ಗೆಲ್ಲಲು 20,000 ಜನರ ಸಹಿ ಬೇಕಿಲ್ಲ. ಎಲ್ಲಿಂದಲೋ ಬಂದ ನಲವತ್ತು ಮನೆಯವರು ವೇಳೆಗೆ ಸರಿಯಾಗಿ ಬಂದು ಕುಳಿತರೆ ಸಾಕು, ಅದಕ್ಕೆ ಅವರನ್ನು ದೂರುವ ಬಾಯಿಯೂ ನಮಗಿರುವುದಿಲ್ಲ.

ಆದ್ದರಿಂದ ಪತ್ರಲೇಖಕರಲ್ಲಿ ನನ್ನ ವಿನಂತಿ ಇಷ್ಟು. ತಾಲ್ಲೂಕನ್ನು ಆರಿಸುವ ಯೋಚನೆ ಬಿಟ್ಟು, ಈಗಿರುವ ಊರಿನ ಮುಂದಿನ ಗ್ರಾಮಸಭೆಗೋ ವಾರ್ಡ್ ಸಭೆಗೋ ಹೋಗಿ ತಮ್ಮ ವಿಚಾರವನ್ನು ಎದ್ದು ನಿಂತು ಹೇಳಲಿ. ಒಪ್ಪದವರ ಎದುರು ಹೇಳಲಿ. ಹೋಗಲೇಬೇಕೆನ್ನಿಸಿದರೆ ಹೋಗಲಿ, ಆದರೆ ಕೈ ಎತ್ತುವ ಮುನ್ನ ಒಂದೆರಡು ಮಳೆಗಾಲವನ್ನಾದರೂ ಆ ಊರಿನಲ್ಲಿ ಕಳೆಯಲಿ.

ನಿಮ್ಮಲ್ಲಿಯೂ ಒಂದು ಕೋರಿಕೆ ಇದೆ. ಗ್ರಾಮಸಭೆಯ ನೋಟಿಸು ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಬೀಳುತ್ತದೆ, ಅದನ್ನು ಓದುವವರು ಆ ದಿನ ಕಚೇರಿಗೆ ಬೇರೆ ಕೆಲಸವಿದ್ದು ಹೋದವರು ಮಾತ್ರ. ಜಿಲ್ಲಾ ಪುಟದಲ್ಲಿ ಅಡಿಕೆ ಧಾರಣೆಯ ಪಕ್ಕದಲ್ಲಿ ನಾಲ್ಕು ಸಾಲಿನ ಜಾಗ ಮಾಡಿ, ಆ ವಾರ ಯಾವ ಯಾವ ಪಂಚಾಯತಿಯಲ್ಲಿ ಎಷ್ಟು ಗಂಟೆಗೆ ಗ್ರಾಮಸಭೆ ಎಂಬುದನ್ನು ಮುಂಚಿತವಾಗಿ ಪ್ರಕಟಿಸಲು ಸಾಧ್ಯವೇ? ಧಾರಣೆ ನೋಡಲೆಂದು ನಮ್ಮ ಕಡೆ ಆ ಪುಟವನ್ನು ತೆರೆಯದ ಮನೆ ಇಲ್ಲ.

ಇತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಶಿವಮೊಗ್ಗ ಜಿಲ್ಲೆ