ಮಗಳಿಗೊಂದು ಪತ್ರ: ಹಸಿ, ಅರೆಬೆಂದ, ಅಪಕ್ವ

ಪ್ರೀತಿಯ ಪುಟ್ಟಿ,

ನಿನ್ನ ಇಂಗ್ಲಿಷ್ ಪ್ರಬಂಧ ಓದಿದೆ. 'ರಾ ಪ್ಲಾನ್' (ಹಸಿ ಯೋಜನೆ) ಎಂದು ಬರೆದ ಕಡೆ 'ಹಾಫ್-ಬೇಕ್ಡ್' (ಅರೆಬೆಂದ) ಇರಬೇಕು. ಓವನ್ ಅತಿಯಾಗಿ ಕಾದಿದ್ದರೆ ಬ್ರೆಡ್ಡಿನ ಮೈ ಬೇಗ ಕೆಂಪಗಾಗುತ್ತದೆ, ಒಳಗೆ ಮಾತ್ರ ಹಿಟ್ಟು ಅಂಟಂಟಾಗಿಯೇ ಉಳಿಯುತ್ತದೆ. ಅದಕ್ಕೇ ತಳ ತಟ್ಟಿ ಟೊಳ್ಳು ಸದ್ದು ಬರುತ್ತದೆಯೇ ಎಂದು ನೋಡುವುದು. ನಡುವಿನ ಶಾಖ ಅಳೆದರೆ ಸುಮಾರು 93ರಿಂದ 96 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಾಫ್-ಬೇಕ್ಡ್ ಯೋಚನೆಯೂ ಹೀಗೆಯೇ, ಹೊರಗಿನಿಂದ ಮುಗಿದ ಹಾಗೆ ಕಾಣುತ್ತದೆ. ಉದಾಹರಣೆಗೆ, ಕಾಲೇಜಿನಲ್ಲಿ ಪ್ಲಾಸ್ಟಿಕ್ ನಿಷೇಧಕ್ಕೆ ಹೆಸರು, ಪೋಸ್ಟರ್, ತಾರೀಕು ಎಲ್ಲ ಸಿದ್ಧ. ಕ್ಯಾಂಟೀನಿನವರು ನೀರು ಯಾವುದರಲ್ಲಿ ಕೊಡಬೇಕೆಂದು ಯಾರೂ ಯೋಚಿಸಿಲ್ಲ. ಇದು ಹಾಫ್-ಬೇಕ್ಡ್. 'ಪ್ಲಾಸ್ಟಿಕ್ ಕಡಿಮೆ ಮಾಡಬೇಕು' ಎಂಬಷ್ಟೇ ಇದ್ದರೆ ಅದು ರಾ, ಇನ್ನೂ ಒಲೆಯನ್ನೇ ಹತ್ತಿಸಿಲ್ಲ. ರಾ ಡೇಟಾ, ರಾ ಟ್ಯಾಲೆಂಟ್ ಬೈಗುಳವಲ್ಲ, ಹಾಫ್-ಬೇಕ್ಡ್ ಬೈಗುಳವೇ. ನಿನ್ನ ಯೋಚನೆಗೆ ನೀನೇ ಹೇಳಿಕೊಂಡರೆ ವಿನಯ, ಮೇಷ್ಟ್ರ ಯೋಚನೆಗೆ ಹೇಳಿದರೆ ಉದ್ಧಟತನ. ಅಲ್ಲಿ 'ನಾಟ್ ಫುಲ್ಲಿ ಬೇಕ್ಡ್ ಯೆಟ್' ಎಂದು ಹೇಳು, ಸ್ವಲ್ಪ ಮೆತ್ತಗಿರುತ್ತದೆ.

'ಕ್ರೂಡ್' ಬಂದದ್ದು ಹಸಿ ಎಂಬರ್ಥದ ಲ್ಯಾಟಿನ್ 'ಕ್ರೂಡುಸ್'ನಿಂದ. ಕ್ರೂಡ್ ಎಸ್ಟಿಮೇಟ್ ಅಂದರೆ ಒರಟು ಅಂದಾಜು, ಅದರಲ್ಲಿ ತಪ್ಪೇನಿಲ್ಲ. ಕ್ರೂಡ್ ಜೋಕ್ ಮಾತ್ರ ಹೊಲಸು. ಹಾಗಾಗಿ ಜನರ ಬಗ್ಗೆ ಬಳಸುವಾಗ ಎಚ್ಚರ.

ಎಡವುವ ಜಾಗಗಳು ಮೂರಿವೆ. 'ಹಾಫ್-ಬಾಯ್ಲ್ಡ್ ಐಡಿಯಾ' ನಮ್ಮ ಕಡೆ ಕೇಳಿಬರುತ್ತದೆ, ಆದರೆ ಇಂಗ್ಲಿಷಿನಲ್ಲಿ ಆ ನುಡಿಗಟ್ಟು ಬೇರೂರಿಲ್ಲ. 'ಹಾಫ್-ಕಾಕ್ಡ್' ಅಡುಗೆಮನೆಯದಲ್ಲ, ಬಂದೂಕಿನದು: ಬಂದೂಕಿನ ಕುದುರೆಯನ್ನು (ಗುಂಡು ಹಾರಿಸಲು ಹಿಂದಕ್ಕೆಳೆಯುವ ಕೊಕ್ಕೆ) ಅರ್ಧ ಮಾತ್ರ ಎಳೆದಿರುವಾಗಲೇ ಗುಂಡು ಹಾರಿಬಿಡುವುದು, ಅಂದರೆ ತಯಾರಿಯಿಲ್ಲದೆ ನುಗ್ಗುವುದು. ಇನ್ನು ನಮ್ಮ 'ಹಸಿ ಸುಳ್ಳು'. ಅದನ್ನು 'ರಾ ಲೈ' ಮಾಡಬೇಡ, 'ಔಟ್‌ರೈಟ್ ಲೈ' ಸರಿ.

ನನಗೆ ಬಹಳ ಇಷ್ಟವಾದದ್ದು ಒಂದಿದೆ. ಕನ್ನಡದಲ್ಲಿ ನೀನು ಬರೆಯುವ 'ಅಪಕ್ವ' ಸಂಸ್ಕೃತದ 'ಪಚ್' ಧಾತುವಿನದು: ಬೇಯಿಸು, ಮಾಗಿಸು. ಲ್ಯಾಟಿನ್ನಿನ 'ಕೊಕ್ವೆರೆ'ಯೂ ಅದೇ ಮೂಲದ್ದು. ಕುಕ್, ಕನ್‌ಕಾಕ್ಟ್ (ಬೆರೆಸಿ ತಯಾರಿಸು) ಹುಟ್ಟಿದ್ದು ಅಲ್ಲಿಂದ. 'ಪ್ರಿಕೋಷಸ್' ಕೂಡ, ಹೊತ್ತಿಗೆ ಮುಂಚೆ ಮಾಗಿದ್ದು ಎಂದು ಮೂಲಾರ್ಥ, ಈಗ ವಯಸ್ಸಿಗೆ ಮೀರಿದ ಬುದ್ಧಿಯ ಮಗುವಿಗೆ ಹೇಳುತ್ತಾರೆ. ಏಪ್ರಿಕಾಟ್ ಹಣ್ಣಿನ ಹೆಸರೂ ಅದೇ ಕುಟುಂಬದ್ದು.

'ರಾ ಪ್ಲಾನ್' ಇರುವ ಆ ಒಂದು ವಾಕ್ಯ ತಿದ್ದಿ ಮತ್ತೆ ಕಳಿಸು.

ನಿನ್ನ
ಅಮ್ಮ